ಹಾಲು ಕೊಡೋ ಹಸು ಮಾರಿ ಕರು ತಂದವರು

2024ರ ಸೆಪ್ಟೆಂಬರ್ 24ರ ಸಂಜೆ ನಾನು ದುಡ್ಡು ಕೊಟ್ಟು ಒಂದು ಸೋಲು ನೋಡಲಿಕ್ಕೆ ಹೋಗಿದ್ದೆ. ಶಿಕಾಗೊದ ರೆಡ್ ಲೈನ್ ರೈಲಿನಲ್ಲಿ 35ನೇ ಬೀದಿಯ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರದಲ್ಲೇ ವೈಟ್ ಸಾಕ್ಸ್ ತಂಡದ ಬೇಸ್‌ಬಾಲ್ ಮೈದಾನ. ಆ ಹೊತ್ತಿಗೆ ತಂಡ 120 ಪಂದ್ಯ ಸೋತು ಕೂತಿತ್ತು. ಇನ್ನೊಂದು ಸೋತರೆ 1962ರ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಹಿಂದೆ ಹಾಕಿ, ಈ ಕಾಲದ ಬೇಸ್‌ಬಾಲ್‌ನಲ್ಲೇ ಅತಿ ಹೆಚ್ಚು ಸೋತ ತಂಡ ಅನ್ನಿಸಿಕೊಳ್ಳುತ್ತಿತ್ತು. ವರ್ಷವಿಡೀ ಖಾಲಿ ಕುರ್ಚಿ ನೋಡಿದ್ದ ಮೈದಾನಕ್ಕೆ ಅವತ್ತು ಜನ ಮದುವೆ ಮನೆಗೆ ಬಂದ ಹಾಗೆ ಬಂದಿದ್ದರು. ಮಧ್ಯೆ ಮಧ್ಯೆ ಮಾಲೀಕರ ಕಡೆ ತಿರುಗಿ "ತಂಡ ಮಾರು, ತಂಡ ಮಾರು" ಅಂತ ಕೂಗು.

ಎಂಟನೇ ಇನಿಂಗ್ಸ್‌ನಲ್ಲಿ ಮೂರು ರನ್ ಹೊಡೆದು ವೈಟ್ ಸಾಕ್ಸ್ ಗೆದ್ದುಬಿಟ್ಟಿತು! ಜನರಿಗೆ ಚಪ್ಪಾಳೆ ತಟ್ಟಬೇಕೋ ಬೈಯಬೇಕೋ ತಿಳಿಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿದ್ದವರು ನಮ್ಮ ಆಫೀಸಿನ ಹಿರಿಯರು. ಅರವತ್ತು ದಾಟಿದ್ದಾರೆ, ಹುಟ್ಟಿದ್ದೇ ಆ ಸೌತ್ ಸೈಡ್ ಬೀದಿಗಳಲ್ಲಿ. "ನೋಡು, ಇವರಿಗೆ ಸೋಲೋದಕ್ಕೂ ನೆಟ್ಟಗೆ ಬರಲ್ಲ" ಅಂದರು. ಮುಂದಿನ ಎರಡು ದಿನವೂ ಗೆದ್ದರು. ಆಮೇಲೆ ಡೆಟ್ರಾಯಿಟ್‌ಗೆ ಹೋಗಿ, ಶುಕ್ರವಾರ ಸೋತು, ದಾಖಲೆ ಬರೆದರು. ಕೊನೆಯ ಲೆಕ್ಕ 41 ಗೆಲುವು, 121 ಸೋಲು. ಅದರಲ್ಲಿ ಜುಲೈ-ಆಗಸ್ಟ್‌ನಲ್ಲಿ ಸಾಲಾಗಿ 21 ಸೋಲು. ತರಬೇತುದಾರ ಪೆಡ್ರೊ ಗ್ರಿಫೋಲ್ ಕೆಲಸ ಹೋದದ್ದು ಆ ಸಾಲು ಮುಗಿದ ಎರಡೇ ದಿನಕ್ಕೆ.

ನಾನು ಹಾಸನದವನು. ಇಲ್ಲಿಗೆ ಬರುವ ಮೊದಲು ಬೇಸ್‌ಬಾಲ್ ಅಂದರೆ ನಮ್ಮ ಲಗೋರಿಗೆ ದೂರದ ನೆಂಟ ಅಂದುಕೊಂಡಿದ್ದೆ. ಆದರೆ ಸೋಲುವ ತಂಡದ ಹಿಂದೆ ಹೋಗುವುದು ನನಗೆ ಹೊಸದೇನಲ್ಲ. ಆರ್‌ಸಿಬಿ 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್ ಆದ ದಿನವೂ ನೆನಪಿದೆ, "ಈ ಸಲ ಕಪ್ ನಮ್ದೇ" ಅಂತ ಪ್ರತಿ ಮಾರ್ಚ್‌ನಲ್ಲಿ ಹೇಳಿಕೊಂಡದ್ದೂ ನೆನಪಿದೆ. ಹಾಗಾಗಿ ಸಾಕ್ಸ್ ಅಭಿಮಾನಿಗಳ ಜೊತೆ ಸಲೀಸಾಗಿ ಸೇರಿಕೊಂಡೆ. ಅರ್ಥವಾಗದೇ ಉಳಿದದ್ದು ಒಂದೇ. ಆರ್‌ಸಿಬಿ ಗೆಲ್ಲಲು ಹೋಗಿ ಸೋಲುತ್ತಿತ್ತು. ಇಲ್ಲಿ ಬೇಕು ಅಂತಲೇ ಸೋಲುತ್ತಾರೆ, ಅದಕ್ಕೆ 'ರೀಬಿಲ್ಡ್' ಅಂತ ಮರ್ಯಾದೆಯ ಹೆಸರು ಬೇರೆ!

ರೀಬಿಲ್ಡ್ ಅಂದರೆ ಇಷ್ಟೇ. ತಂಡ ಈಗ ಗೆಲ್ಲುವುದಿಲ್ಲ ಅಂತ ಗೊತ್ತಾದಾಗ, ಇರುವ ಒಬ್ಬಿಬ್ಬರು ಒಳ್ಳೆ ಆಟಗಾರರನ್ನು ಗೆಲ್ಲುವ ಸ್ಥಿತಿಯಲ್ಲಿರುವ ತಂಡಕ್ಕೆ ಕೊಡುವುದು. ಬದಲಿಗೆ ಅವರ ಕೈಯಲ್ಲಿರುವ ಇಪ್ಪತ್ತರ ಆಸುಪಾಸಿನ ಹುಡುಗರನ್ನು ತೆಗೆದುಕೊಳ್ಳುವುದು. ಹಾಲು ಕೊಡೋ ಹಸು ಕೊಟ್ಟು ಮೂರು ಕರು ತಂದ ಹಾಗೆ. ಕರುಗಳು ಕೆಳಗಿನ ಲೀಗ್‌ಗಳಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲೋ ಶಾರ್ಲೆಟ್‌ನಲ್ಲೋ, ಎರಡು ಮೂರು ವರ್ಷ ಬೆಳೆಯುತ್ತವೆ. ಮೇಲೆ ಬಂದ ಮೇಲೆ ಸುಮಾರು ಆರು ವರ್ಷ ಆ ತಂಡದ ಹಕ್ಕಿನಲ್ಲೇ ಇರುತ್ತವೆ. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಹತ್ತಿರ ಹತ್ತಿರ. 2025ರಲ್ಲಿ ಅದು 7,60,000 ಡಾಲರ್. ನಮಗೆ ಅದು ದೊಡ್ಡದೇ. ಆದರೆ ವರ್ಷಕ್ಕೆ ಮೂರು ಕೋಟಿ ಡಾಲರ್ ಪಡೆಯುವವರ ಪಕ್ಕದಲ್ಲಿ ಅದು ಚಿಲ್ಲರೆ. ಅಗ್ಗದ ಹುಡುಗರು ಒಟ್ಟಿಗೆ ಚೆನ್ನಾಗಿ ಆಡುವ ಆ ಮೂರ್ನಾಲ್ಕು ವರ್ಷಕ್ಕಾಗಿಯೇ ಇಷ್ಟೆಲ್ಲ.

ಐಪಿಎಲ್‌ನಲ್ಲಿ ಇದು ನಡೆಯುವುದೇ ಇಲ್ಲ. ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು, ಎಲ್ಲರಿಗೂ ಒಂದೇ ಥೈಲಿ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ತಲಾ 120 ಕೋಟಿ ರೂಪಾಯಿ. ಕಪ್ ಗೆದ್ದವರಿಗೂ ಅಷ್ಟೇ, ಕೊನೆಗೆ ಬಂದವರಿಗೂ ಅಷ್ಟೇ. ಸೋತು ಲಾಭ ಇಲ್ಲ. ಆರ್‌ಸಿಬಿ ಆಗ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನು ಮಾತ್ರ ಉಳಿಸಿಕೊಂಡಿತು. ಸಿರಾಜ್‌ನನ್ನು ಬಿಟ್ಟಾಗ ನಾನೂ ಬೈದೆ. ಹೇಜಲ್‌ವುಡ್, ಭುವನೇಶ್ವರ್, ಸಾಲ್ಟ್, ಕೃಣಾಲ್ ಬಂದರು. ಏಳು ತಿಂಗಳಿಗೆ, 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಆರು ರನ್‌ನಿಂದ ಕಪ್. ಮಾರನೇ ದಿನ ಚಿನ್ನಸ್ವಾಮಿಯ ಹೊರಗೆ 11 ಜೀವ ಹೋದದ್ದರಿಂದ ಆ ಕಪ್ಪಿನ ಮಾತು ಎತ್ತಲಿಕ್ಕೆ ಈಗಲೂ ಮುಜುಗರ. ಆದರೂ ತಂಡ ಕಟ್ಟಿದ ರೀತಿ ನೋಡಿದರೆ, ಏಳು ತಿಂಗಳು!

ಶಿಕಾಗೊದಲ್ಲಿ ಏಳು ತಿಂಗಳಿಗೆ ಕರುವಿಗೆ ಕೊಂಬೂ ಮೂಡಿರುವುದಿಲ್ಲ.

ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಇದನ್ನು ಹೇಳಿದರೆ, ಬಹಳ ಜನ "ಐಪಿಎಲ್ಲೇ ವಾಸಿ ಬಿಡಿ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹರಾಜಿನಲ್ಲಿ ತಂಡ ಅನ್ನುವುದೇ ಉಳಿಯುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ ಜೋಡಿ ಹಿಡಿಯುತ್ತಾರಲ್ಲ, ಹಾಗೆ. ನಮ್ಮದೇ ಕೆ.ಎಲ್. ರಾಹುಲ್ ಡೆಲ್ಲಿ ಪಾಲಾಗಿ, 2025ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು "ಇದು ನನ್ನ ಜಾಗ" ಅಂತ ತೋರಿಸಿದ. ಅವತ್ತು ನಾನು ಯಾರ ಕಡೆ ಅಂತ ನನಗೇ ಗೊತ್ತಾಗಲಿಲ್ಲ. ಬೇಸ್‌ಬಾಲ್‌ನಲ್ಲಿ ಕನಿಷ್ಠ ಒಬ್ಬ ಹುಡುಗ ಕೆಳಗಿನಿಂದ ಬೆಳೆದು ಬರುವುದನ್ನು ವರ್ಷಗಟ್ಟಲೆ ನೋಡಬಹುದು. ಅದು ನಮ್ಮ ರಣಜಿ ತಂಡದ ಹತ್ತಿರದ್ದು. 2013-14ರಲ್ಲಿ 15 ವರ್ಷದ ಬರ ಮುಗಿಸಿ ಕರ್ನಾಟಕ ಗೆದ್ದಾಗ ರಾಹುಲ್, ಕರುಣ್, ಮನೀಷ್ ಎಲ್ಲ ನಮ್ಮ ಕ್ಲಬ್ ಲೀಗ್‌ಗಳಲ್ಲೇ ಬೆಳೆದ ಹುಡುಗರು. ಮರುವರ್ಷವೂ ಅವರೇ ಗೆದ್ದರು.

ಆದ್ದರಿಂದ ಹಸು ಮಾರಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆಮೇಲಿನದಕ್ಕೆ.

ವೈಟ್ ಸಾಕ್ಸ್ ಈ ಆಟ ಆಡುತ್ತಿರುವುದು ಇದು ಎರಡನೇ ಸಲ. 2016ರ ಡಿಸೆಂಬರ್‌ನಲ್ಲಿ ತಮ್ಮ ಅತಿ ದೊಡ್ಡ ಪಿಚರ್ (ಚೆಂಡು ಎಸೆಯುವವ, ನಮ್ಮ ಬೌಲರ್ ಇದ್ದ ಹಾಗೆ) ಕ್ರಿಸ್ ಸೇಲ್‌ನನ್ನು ಬಾಸ್ಟನ್‌ಗೆ ಕೊಟ್ಟು ಮೊಂಕಾಡ, ಕೋಪೆಕ್ ಮೊದಲಾದವರನ್ನು ತಂದರು. ಮಾರನೇ ದಿನವೇ ಆಡಮ್ ಈಟನ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಜಿಯೊಲಿಟೊ, ಲೋಪೆಸ್, ಡನ್ನಿಂಗ್. 2017ರ ಜುಲೈನಲ್ಲಿ ಕ್ವಿಂಟಾನನನ್ನು ಇದೇ ಊರಿನ ಕಬ್ಸ್‌ಗೆ ಕೊಟ್ಟು ಎಲೊಯ್ ಹಿಮೆನೆಸ್, ಡಿಲನ್ ಸೀಸ್. ಕ್ಯೂಬಾದ ಲೂಯಿಸ್ ರಾಬರ್ಟ್‌ಗೆ 2.6 ಕೋಟಿ ಡಾಲರ್ ಕೊಟ್ಟರು. ವ್ಯಾಪಾರ ಚೊಕ್ಕವಾಗಿತ್ತು, ಅದನ್ನು ಒಪ್ಪಲೇಬೇಕು. 2018ರಲ್ಲಿ 100 ಸೋಲು ಬಂದರೂ ಜನ ಸಹಿಸಿಕೊಂಡರು. 2021ರಲ್ಲಿ 93 ಗೆಲುವು, ವಿಭಾಗದಲ್ಲಿ ಮೊದಲ ಸ್ಥಾನ. ಕರುಗಳು ಹಸುಗಳಾಗಿದ್ದವು.

ಆಗ ಬೇಕಿದ್ದದ್ದು ಹಿಂಡಿ, ಬೂಸಾ. ಅದಕ್ಕೆ ಕೈ ಬಿಚ್ಚಲಿಲ್ಲ.

ಅದಕ್ಕೂ ಮೊದಲಿನ ಒಂದು ಕಥೆ ನಮ್ಮವರಿಗೆ ಬಹಳ ಹಿಡಿಸುತ್ತದೆ. 2018-19ರ ಚಳಿಗಾಲದಲ್ಲಿ ಮ್ಯಾನಿ ಮಚಾಡೊ ಎಂಬ ದೊಡ್ಡ ಆಟಗಾರ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರನಾಗಿದ್ದ. ಅವನನ್ನು ಸೆಳೆಯಲಿಕ್ಕೆ ವೈಟ್ ಸಾಕ್ಸ್ ಏನು ಮಾಡಿತು ಗೊತ್ತಾ? ಅವನ ಹೆಂಡತಿಯ ಅಣ್ಣ ಯಾಂಡರ್ ಅಲೊನ್ಸೊನನ್ನು ಮೊದಲು ತಂಡಕ್ಕೆ ಸೇರಿಸಿಕೊಂಡಿತು. ಗೆಳೆಯ ಜಾನ್ ಜೇಯನ್ನೂ ಸೇರಿಸಿಕೊಂಡಿತು. ನೆಂಟರನ್ನು ಮನೆಯಲ್ಲಿ ಕೂರಿಸಿಕೊಂಡರೆ ಅಳಿಯ ತಾನೇ ಬರುತ್ತಾನೆ ಅನ್ನುವ ಲೆಕ್ಕ. ಅಳಿಯ ಬರಲಿಲ್ಲ. ಸ್ಯಾನ್ ಡಿಯಾಗೊ 10 ವರ್ಷಕ್ಕೆ 30 ಕೋಟಿ ಡಾಲರ್ ಅಂದಿತು, ಅಲ್ಲಿಗೆ ಹೋದ. ನೆಂಟರು ಮಾತ್ರ ಇಲ್ಲೇ ಉಳಿದರು.

ಈ ತಂಡ ಇದುವರೆಗೆ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಕರಾರು ಬೆನಿಂಟೆಂಡಿಗೆ, ಐದು ವರ್ಷಕ್ಕೆ 7.5 ಕೋಟಿ ಡಾಲರ್. ದೇಶದ ಮೂರನೇ ದೊಡ್ಡ ಊರಿನ ತಂಡ ಇದು, ಹಳ್ಳಿ ತಂಡ ಅಲ್ಲ. ಮಾಲೀಕ ಜೆರಿ ರೈನ್ಸ್‌ಡಾರ್ಫ್ 1981ರಿಂದ ಇದ್ದಾರೆ, ಬಾಸ್ಕೆಟ್‌ಬಾಲ್‌ನ ಬುಲ್ಸ್ ಕೂಡ ಅವರದೇ. 2020ರಲ್ಲಿ ತಂಡ ಪ್ಲೇಆಫ್ ಮುಟ್ಟಿದ ಮೇಲೂ ತರಬೇತುದಾರ ರೆಂಟೆರಿಯಾನನ್ನು ತೆಗೆದರು. 76 ವರ್ಷದ ಟೋನಿ ಲಾ ರುಸ್ಸಾರನ್ನು ಕರೆತಂದರು. 1986ರಲ್ಲಿ ಇದೇ ತಂಡ ಅವರನ್ನು ತೆಗೆದುಹಾಕಿತ್ತು, ಆ ಕೊರಗು ಮಾಲೀಕರಿಗೆ ಹೋಗಿರಲಿಲ್ಲ. ಹಳೇ ಋಣ ತೀರಿಸುವುದು ಒಳ್ಳೆಯದೇ. ಆದರೆ ಹುಡುಗರ ಹೆಗಲ ಮೇಲೆ ಯಾಕೆ? ಗಾಯಗಳೂ ಕಾಡಿದವು, ಅದು ಯಾರ ತಪ್ಪೂ ಅಲ್ಲ. 2022ರಲ್ಲಿ 81 ಗೆಲುವು 81 ಸೋಲು, 2023ರಲ್ಲಿ 101 ಸೋಲು. ಆಗಸ್ಟ್‌ನಲ್ಲಿ ತಂಡ ಕಟ್ಟುವ ಹೊಣೆ ಹೊತ್ತಿದ್ದ ಕೆನ್ ವಿಲಿಯಮ್ಸ್, ರಿಕ್ ಹಾನ್ ಇಬ್ಬರನ್ನೂ ಮನೆಗೆ ಕಳಿಸಿ, ಒಳಗಿನವರೇ ಆದ ಕ್ರಿಸ್ ಗೆಟ್ಸ್‌ಗೆ ಕೀಲಿಕೈ ಕೊಟ್ಟರು.

ಗೆಟ್ಸ್ ಶುರು ಮಾಡಿದ್ದು ಮತ್ತೆ ಅದನ್ನೇ. ಸೀಸ್ ಹೋದ, ಕೋಪೆಕ್ ಹೋದ. ಕೋಪೆಕ್ 2024ರಲ್ಲೇ ಡಾಜರ್ಸ್ ತಂಡದ ಜೊತೆ ಬೇಸ್‌ಬಾಲ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದು ಉಂಗುರ ಹಾಕಿಕೊಂಡ. 2024ರ ಡಿಸೆಂಬರ್‌ನಲ್ಲಿ ಪಿಚರ್ ಗ್ಯಾರೆಟ್ ಕ್ರೋಶೆ ಬಾಸ್ಟನ್‌ಗೆ, ನಾಲ್ವರು ಹುಡುಗರು ಇಲ್ಲಿಗೆ. ಕ್ರೋಶೆಗೆ ಬಾಸ್ಟನ್ ಆರು ವರ್ಷಕ್ಕೆ 17 ಕೋಟಿ ಡಾಲರ್ ಕೊಟ್ಟಿತು. ಅವನು ಅಲ್ಲಿ ಮೊದಲ ವರ್ಷವೇ 18 ಪಂದ್ಯ ಗೆದ್ದ, 255 ಸಲ ಎದುರಾಳಿಗಳನ್ನು ಸ್ಟ್ರೈಕ್‌ಔಟ್ ಮಾಡಿ ಕಳಿಸಿದ. ಇಲ್ಲಿ ಅಷ್ಟು ಕೊಡುವವರು ಯಾರೂ ಇರಲಿಲ್ಲ. ಇದೇ ನನ್ನ ಸಂಕಟ. ಬೆಳೆದ ಮೇಲೆ ಇಟ್ಟುಕೊಳ್ಳುವ ಮನಸ್ಸಿಲ್ಲದ ಮನೆಯಲ್ಲಿ ಕರು ಎಷ್ಟು ಚೆನ್ನಾಗಿದ್ದರೆ ಏನು?

ಸೋತದ್ದಕ್ಕೆ ಬಹುಮಾನವಾದರೂ ಸಿಕ್ಕಿತಾ ಅಂದರೆ ಅದೂ ತಮಾಷೆಯೇ. ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸೋತವರಿಗೆ ಮೊದಲ ಅವಕಾಶ ಸಿಗಬೇಕು. ಆದರೆ ಬೇಕಂತಲೇ ಸೋಲುವವರನ್ನು ತಡೆಯಲು ಈಗ ಚೀಟಿ ಎತ್ತುತ್ತಾರೆ. ಜೊತೆಗೆ ದೊಡ್ಡ ಊರಿನ ಶ್ರೀಮಂತ ತಂಡಗಳು ಎರಡು ವರ್ಷ ಸಾಲಾಗಿ ಆ ಚೀಟಿಗೆ ಕೂರುವಂತಿಲ್ಲ. ಹಾಗಾಗಿ 121 ಸೋತ ತಂಡಕ್ಕೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಸರದಿ! ಉಪವಾಸವೂ ಆಯಿತು, ಪುಣ್ಯವೂ ಇಲ್ಲ. 2026ಕ್ಕೆ ಮಾತ್ರ ಚೀಟಿಯಲ್ಲಿ ಮೊದಲ ಸ್ಥಾನ ಬಂದಿದೆ.

ಕೈ ಬಿಡುವುದರಲ್ಲಿ ನಮ್ಮವರೇನು ಕಮ್ಮಿ ಅಂತ ಕೇಳಬೇಡಿ. ರಣಜಿ ಫೈನಲ್‌ನಲ್ಲಿ 328 ಹೊಡೆದ ಕರುಣ್ ನಾಯರ್ ಜಾಗ ಸಿಗದೆ ವಿದರ್ಭಕ್ಕೆ ಹೋದ. 2024-25ರ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ಅವರಿಗೆ ಕಪ್ ಕೊಡಿಸಿದ. ಒಂದೇ ವ್ಯತ್ಯಾಸ, ಅವನ ಬದಲಿಗೆ ನಮಗೆ ಒಂದು ಕರುವೂ ಸಿಗಲಿಲ್ಲ. ಆಮೇಲೆ ಅವನೇ ವಾಪಸ್ ಬಂದ.

2025ರಲ್ಲಿ ವೈಟ್ ಸಾಕ್ಸ್ 60 ಗೆದ್ದು 102 ಸೋತಿತು. ಅಂಕಿ ನೋಡಿದರೆ ನಗು ಬರುತ್ತದೆ, ಆದರೆ ಮೈದಾನದಲ್ಲಿ ಕೂತವರಿಗೆ ಬದಲಾವಣೆ ಕಾಣುತ್ತಿತ್ತು. ಜುಲೈನಲ್ಲಿ ಮೇಲೆ ಬಂದ ಕಾಲ್ಸನ್ ಮಾಂಟ್‌ಗಮರಿ 71 ಪಂದ್ಯಗಳಲ್ಲಿ 21 ಹೋಮ್ ರನ್ ಹೊಡೆದ. ಕ್ರೋಶೆ ಬದಲು ಬಂದ ಕೈಲ್ ಟೀಲ್, ಮೈಡ್ರಾತ್ ಇಬ್ಬರೂ ಆಗಲೇ ತಂಡದಲ್ಲಿದ್ದಾರೆ. ಮಿಲ್ವಾಕಿ ತಂಡ ತನ್ನ ಮುಖ್ಯ ಪಟ್ಟಿಗೆ ಸೇರಿಸದೆ ಬಿಟ್ಟಿದ್ದ ಶೇನ್ ಸ್ಮಿತ್ ಎಂಬ ಪಿಚರ್‌ನನ್ನು ಒಂದು ಲಕ್ಷ ಡಾಲರ್‌ಗೆ ಎತ್ತಿಕೊಂಡರು. ಅವನು ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಡಿಸೆಂಬರ್‌ನಲ್ಲಿ ಜಪಾನಿನ ಮುರಾಕಾಮಿಗೆ ಎರಡು ವರ್ಷಕ್ಕೆ 3.4 ಕೋಟಿ ಡಾಲರ್ ಕೊಟ್ಟಿದ್ದಾರೆ. ಕೈ ಸ್ವಲ್ಪ ಸಡಿಲವಾಗಿದೆ. ಮೊದಲ ಸಲದ ಕರುಗಳಲ್ಲಿ ಉಳಿದಿದ್ದ ಲೂಯಿಸ್ ರಾಬರ್ಟ್ ಕೂಡ 2026ರ ಜನವರಿಯಲ್ಲಿ ನ್ಯೂಯಾರ್ಕ್‌ಗೆ ಹೋದ. ತಂಡ ಮುಂದೆ ಉದ್ಯಮಿ ಜಸ್ಟಿನ್ ಇಷ್ಬಿಯಾ ಕೈಗೆ ಹೋಗುವ ದಾರಿಯನ್ನು 2025ರ ಜೂನ್‌ನಲ್ಲೇ ಬರೆದಿಟ್ಟಿದ್ದಾರೆ, ಆದರೆ 2029ಕ್ಕಿಂತ ಮೊದಲು ಅಲ್ಲ. ಈಗಿನ ಹುಡುಗರು ಗಟ್ಟಿಯಾಗುವುದೂ ಆ ಹೊತ್ತಿಗೇ. ಅವತ್ತು ಹಿಂಡಿ ಚೀಲಕ್ಕೆ ದುಡ್ಡು ಕೊಡುವವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ ನನಗನ್ನಿಸುತ್ತದೆ.

ಕಳೆದ ಬೇಸಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಮಾಂಟ್‌ಗಮರಿ ಹೆಸರಿನ ಜರ್ಸಿಯೇ ಬೇಕಂತೆ. ನನ್ನ ಬೀರುವಿನಲ್ಲಿ ಕ್ರೋಶೆ ಹೆಸರಿನದೊಂದು ಹೊಸದಾಗಿಯೇ ಮಡಚಿ ಕೂತಿದೆ. ಅದರ ಪಕ್ಕದಲ್ಲಿ ಆರ್‌ಸಿಬಿಯ 18ನೇ ನಂಬರ್, ಇಷ್ಟು ವರ್ಷವಾದರೂ ಹಳತಾಗಿಲ್ಲ. "ಹೆಸರಿಲ್ಲದ್ದು ತಗೋ ಪುಟ್ಟಿ, ಯಾವತ್ತಿಗೂ ನಡೆಯುತ್ತೆ" ಅಂದೆ.

"ಅಪ್ಪ, ಅವನು ಎಲ್ಲೂ ಹೋಗಲ್ಲ" ಅಂದಳು. ದುಡ್ಡು ಕೊಟ್ಟೆ. ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.