ಒಂದೇ ಒಂದು ಸೆಮಿಸ್ಟರ್ ಭೂಗೋಳ

ನನ್ನ ಕ್ಲಾಸಿಗೆ ಬರುವ ಹೆಚ್ಚಿನವರಿಗೆ ಕಾಲೇಜಿನಲ್ಲಿ ಇದೇ ಮೊದಲ ಭೂಗೋಳ, ಇದೇ ಕೊನೆಯದೂ. ಅಮೆರಿಕದ ಕಮ್ಯುನಿಟಿ ಕಾಲೇಜು ಅಂದರೆ ಮುಖ್ಯವಾಗಿ ಎರಡು ವರ್ಷದ ಕಾಲೇಜು, 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಪದ್ಧತಿ. ಓದಬೇಕು ಅಂತ ಬಂದವರಿಗೆ ಸಾಮಾನ್ಯವಾಗಿ ಬಾಗಿಲು ಹಾಕುವುದಿಲ್ಲ. ನರ್ಸಿಂಗ್ ಓದುವವರು, ಸೇನೆ ಬಿಟ್ಟು ಬಂದವರು, ಮಕ್ಕಳನ್ನು ಮಲಗಿಸಿ ರಾತ್ರಿ ಅಸೈನ್‌ಮೆಂಟ್ ಬರೆಯುವ ತಾಯಂದಿರು, ಎಲ್ಲರೂ ಇರುತ್ತಾರೆ. ಡಿಗ್ರಿಗೆ ಒಂದಿಷ್ಟು ಕ್ರೆಡಿಟ್ ಕಡಿಮೆ ಇದೆ, ಅದಕ್ಕೇ ಭೂಗೋಳ ತಗೊಂಡಿರುತ್ತಾರೆ. ಪರವಾಗಿಲ್ಲ. ಸಿಗುವುದು ಒಂದೇ ಸೆಮಿಸ್ಟರ್, ಅದರಲ್ಲಿ ಏನು ಕಲಿಸಬೇಕು?

ರಾಜಧಾನಿಗಳ ಹೆಸರು ಬಾಯಿಪಾಠ ಮಾಡಿಸಿ ಅದನ್ನು ಹಾಳು ಮಾಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಾನು ಶುರು ಮಾಡುವುದು ಯುಎಸ್‌ಜಿಎಸ್‌ನ, ಅಂದರೆ ಅಮೆರಿಕ ಸರ್ಕಾರದ ಭೂವೈಜ್ಞಾನಿಕ ಸರ್ವೆ ಸಂಸ್ಥೆಯ, ಹಳೆಯ ನಕ್ಷೆಯ ಹಾಳೆಯಿಂದ. 1:24,000 ಅಳತೆ, ಅಂದರೆ ಹಾಳೆ ಮೇಲೆ ಒಂದು ಇಂಚು ಇದ್ದರೆ ನೆಲದ ಮೇಲೆ 2,000 ಅಡಿ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಾಂಟೂರ್ ಗೆರೆಗಳನ್ನು (ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು) ನೋಡಿ ಸುಮಾರು ಜನ ಗಾಬರಿಯಾಗುತ್ತಾರೆ. ಒಮ್ಮೆ ಒಬ್ಬ ಲಾರಿ ಡ್ರೈವರ್, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಗೆರೆಗಳು ಒತ್ತೊತ್ತಾಗಿದ್ದ ಕಡೆ ರಸ್ತೆ ಮೇಲೆ ಬೆರಳಿಟ್ಟು, "ಇಲ್ಲಿಗೆ ಬರೋ ಮುಂಚೆನೇ ಗೇರ್ ಇಳಿಸಬೇಕು, ಇಳಿಜಾರಲ್ಲಿ ಬರೀ ಬ್ರೇಕ್ ನಂಬಿದರೆ ಬಿಸಿಯಾಗಿ ಕೈಕೊಡುತ್ತೆ" ಅಂದರು. ಆಮೇಲೆ ರಸ್ತೆ ಯಾಕೆ ನೇರ ಹೋಗದೆ ಸುತ್ತಿಕೊಂಡು ಏರಿದೆ ಅಂತ ಪಕ್ಕದಲ್ಲಿದ್ದ ಹುಡುಗನಿಗೆ ಅವರೇ ಬಿಡಿಸಿ ಹೇಳಿದರು. ಹತ್ತು ಸ್ಲೈಡ್ ತೋರಿಸಿದರೂ ಆ ಹುಡುಗನಿಗೆ ಅಷ್ಟು ತಿಳಿಯುತ್ತಿರಲಿಲ್ಲ. ಇಂಥವರು ಇಂಥ ಕ್ಲಾಸಿನಲ್ಲೇ ಸಿಗುವುದು!

ಮರ್ಕೇಟರ್ ನಕ್ಷೆಯನ್ನೂ ತೋರಿಸುತ್ತೇನೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಅದು 1569ರಲ್ಲಿ ಹಡಗಿನವರಿಗೆ ದಿಕ್ಕು ಹಿಡಿಯಲು ಮಾಡಿದ ನಕ್ಷೆ ಅಂತ ಹೇಳಿ ಮುಂದೆ ಹೋಗುತ್ತೇನೆ.

ಜಾಸ್ತಿ ಸಮಯ ಕೊಡುವುದು ಇನ್ನೊಂದು ನಕ್ಷೆಗೆ. 1930ರ ದಶಕದಲ್ಲಿ ಎಚ್‌ಒಎಲ್‌ಸಿ ಎಂಬ ಸರ್ಕಾರಿ ಮನೆ ಸಾಲದ ಸಂಸ್ಥೆ ಅಮೆರಿಕದ 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ದರ್ಜೆ ಹಾಕಿತು. ಹಸಿರು, ನೀಲಿ, ಹಳದಿ, ಕೆಂಪು. ಕೆಂಪು ಅಂದರೆ ಸಾಲ ಕೊಡುವುದು ಅಪಾಯ ಅಂತ. ಕಪ್ಪು ಜನ ಇದ್ದ ಬಡಾವಣೆಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಕೆಂಪೇ. ಈ ನಕ್ಷೆಗಳು ಈಗ ಇಂಟರ್ನೆಟ್‌ನಲ್ಲಿವೆ, ತಮ್ಮ ಬೀದಿ ಹುಡುಕಿ ಅಂತ ಬಿಡುತ್ತೇನೆ. ಆಮೇಲೆ ಅದೇ ಊರಿನ ಇವತ್ತಿನ ಬಿಸಿಲಿನ ತಾಪದ ನಕ್ಷೆಯನ್ನು ಪಕ್ಕದಲ್ಲಿ ಇಡುತ್ತೇವೆ. ಎಷ್ಟೋ ನಗರಗಳಲ್ಲಿ ಅವತ್ತು ಕೆಂಪಾಗಿದ್ದ ಬಡಾವಣೆಗಳೇ ಇವತ್ತು ಬೇಸಿಗೆಯಲ್ಲಿ ಹೆಚ್ಚು ಕಾಯುತ್ತವೆ. ಮರ ಕಡಿಮೆ, ಡಾಂಬರು ಜಾಸ್ತಿ. ತನ್ನ ಅಜ್ಜಿಯ ಮನೆ ಕೆಂಪಿನೊಳಗೆ ಸಿಕ್ಕಾಗ ಒಬ್ಬ ಹುಡುಗಿ, "ಇದನ್ನ ನಮಗೆ ಯಾರೂ ಯಾಕೆ ಹೇಳಲಿಲ್ಲ?" ಅಂತ ಸಿಟ್ಟಿನಿಂದಲೇ ಕೇಳಿದಳು. ಅವಳ ಸಿಟ್ಟು ನ್ಯಾಯವಾದದ್ದೇ.

ಹಾರ್ವರ್ಡ್ 1948ರಲ್ಲೇ ಭೂಗೋಳ ಬೇಡ ಅಂತ ತೀರ್ಮಾನ ಮಾಡಿತು. ಕಮ್ಯುನಿಟಿ ಕಾಲೇಜುಗಳು ಇನ್ನೂ ಕಲಿಸುತ್ತಿವೆ, ಅದೂ ಹೆಚ್ಚಾಗಿ ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲದ ಅಡ್ಜಂಕ್ಟ್‌ಗಳ, ಅಂದರೆ ತಾತ್ಕಾಲಿಕ ಅಧ್ಯಾಪಕರ, ಕೈಯಲ್ಲಿ. ಕಲಿಸುವವರಿಗೇ ನೆಲೆ ಇಲ್ಲದಿದ್ದರೆ ಕೋರ್ಸ್ ಬೆಳೆಯುವುದು ಹೇಗೆ ಹೇಳಿ?

ಈಗ ಹೊಸ ಮಾತು: ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಜ್ಞಾನ) ಸರ್ಟಿಫಿಕೇಟ್ ಇದೆಯಲ್ಲ, ಈ ಕೋರ್ಸ್ ಯಾಕೆ ಅಂತ. ಜಿಐಎಸ್ ಬೇಕು, ಅದರಿಂದ ಕೆಲಸ ಸಿಗುತ್ತದೆ, ನನ್ನ ವಿದ್ಯಾರ್ಥಿಗಳಿಗೆ ನಾನೇ ಅದನ್ನು ತಗೊಳ್ಳಿ ಅನ್ನುತ್ತೇನೆ. ಆದರೆ ಆ ಕೆಂಪು ಬಣ್ಣ ಬಳಿದವರಿಗೂ ನಕ್ಷೆ ಮಾಡಲು ಚೆನ್ನಾಗೇ ಬರುತ್ತಿತ್ತು. ಹಾಗಾಗಿ ಈ ಕೋರ್ಸ್ ಇರಲಿ, ಮುಖ್ಯವಾಗಿ ಸಂಜೆಯ ಕ್ಲಾಸ್ ಇರಲಿ. ಅದನ್ನು ಸುಮ್ನೆ ರೆಕಾರ್ಡ್ ಮಾಡಿದ ವಿಡಿಯೋ ಮಾಡಿಬಿಟ್ಟರೆ ಆ ಡ್ರೈವರೂ ಆ ಹುಡುಗನೂ ಒಂದೇ ಟೇಬಲ್‌ಗೆ ಬರುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಕಲಿಸುವವರು ಇಲ್ಲಿ ಇದ್ದರೆ, ನಿಮ್ಮಲ್ಲಿ ಸಂಜೆ ಕ್ಲಾಸ್ ಹೇಗೆ ಉಳಿಸಿಕೊಂಡಿದ್ದೀರಿ ಅಂತ ದಯವಿಟ್ಟು ಬರೆಯಿರಿ.