ಇಸ್ತ್ರಿ ಪೆಟ್ಟಿಗೆಗೆ ದಿಂಬು

ಆ ವರ್ಷ ಕರಿಮೆಣಸಿಗೆ ಒಳ್ಳೆ ರೇಟು ಬಂದಿತ್ತು. ಊರಿನಲ್ಲಿ ಕೆಲವರು ಹಂಚು ಬದಲಿಸಿದರು, ಕೆಲವರು ಬೋರ್‌ವೆಲ್ ತೆಗೆಸಿದರು, ಒಬ್ಬರು ಮಗಳ ಮದುವೆಯನ್ನೇ ಮಾಡಿ ಮುಗಿಸಿದರು. ನಾನು ಬೆಂಗಳೂರಿಗೆ ಹೋಗಿ, ಯಾರದೋ ಅಪಾರ್ಟ್‌ಮೆಂಟಿನ ಕೆಳಗೆ ಧೂಳು ಹೊದ್ದು ಮಲಗಿದ್ದ ಸ್ಪೋರ್ಟ್ಸ್ ಕಾರೊಂದನ್ನು ಎಬ್ಬಿಸಿಕೊಂಡು ಬಂದೆ. ಕೆಂಪು ಬಣ್ಣ. ಬಟ್ಟೆಯ ಟಾಪು, ಬೇಕೆಂದಾಗ ಹಿಂದಕ್ಕೆ ಮಡಚಬಹುದು. ಎರಡೇ ಸೀಟು.

ನಮ್ಮ ಮನೆಯಲ್ಲಿ ಇರುವುದು ನಾಲ್ಕು ಜನ. ಈ ವಿಷಯವನ್ನು ಹೆಂಡತಿ ಮೊದಲ ದಿನವೇ ಎತ್ತಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಲೆಕ್ಕದ ಮೇಷ್ಟ್ರಲ್ಲ ಎಂದು ಹೇಳಿ ತಪ್ಪಿಸಿಕೊಂಡೆ.

ಮನೆ ಇರುವುದು ಸುಂಟಿಕೊಪ್ಪದಿಂದ ಒಳಗೆ, ತೋಟದ ನಡುವೆ. ಹೈವೇ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಈ ಕಡೆ ತೋಟದ ಮನೆಗಳಲ್ಲಿ ಜೀಪಿಗೆ ಹಿರಿಮಗನ ಮರ್ಯಾದೆ. ಗೊಬ್ಬರ ತರುತ್ತದೆ, ಕಾಫಿ ಮೂಟೆ ಹೊರುತ್ತದೆ, ತೊಳೆದುಕೊಂಡು ಮದುವೆಗೂ ಹೋಗುತ್ತದೆ. ಅಂಥ ಅಂಗಳದಲ್ಲಿ ನನ್ನ ಕಾರು ಬಂದು ನಿಂತಿತು. ಪಕ್ಕದ ತೋಟದವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು. "ಮೇಷ್ಟ್ರೇ, ಇಸ್ತ್ರಿ ಪೆಟ್ಟಿಗೆ ತರ ಇದೆಯಲ್ಲ" ಅಂದರು. ಅಷ್ಟೇ. ಸಂಜೆಯೊಳಗೆ ಸುಂಟಿಕೊಪ್ಪದ ಸಂತೆಗೆಲ್ಲ ಆ ಹೆಸರು ಮುಟ್ಟಿತ್ತು.

ಮೊದಲ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಮಡಿಕೇರಿಗೆ ಹೊರಟೆ. ಹದಿನೈದು ಕಿಲೋಮೀಟರ್ ದಾರಿ. ಪ್ರತಿ ಹಂಪಿನಲ್ಲೂ ಕಾರಿನ ಹೊಟ್ಟೆ ರಸ್ತೆಗೆ ಉಜ್ಜಿತು. ಪ್ರತಿ ಗುಂಡಿಯೂ ನೇರ ಬೆನ್ನುಮೂಳೆಗೆ ಸುದ್ದಿ ಕಳಿಸಿತು. ರಾಜಾಸೀಟಿನ ಹತ್ತಿರ ಇಳಿದವಳು ಐದು ನಿಮಿಷ ಬಗ್ಗಿಕೊಂಡೇ ನಿಂತಿದ್ದಳು. ಆಮೇಲೆ ಹೇಳಿದಳು: "ರೀ, ಮುಂದಿನ ಸಲ ನಾನು ಬಸ್ಸಲ್ಲಿ ಬರ್ತೀನಿ. ನೀವು ಇದ್ರಲ್ಲಿ ಬನ್ನಿ. ಬಸ್‌ಸ್ಟ್ಯಾಂಡಲ್ಲಿ ಸಿಗೋಣ."

ಅಮ್ಮನ ಕಥೆ ಇನ್ನೂ ಕಷ್ಟದ್ದು. ಅವಳಿಗೆ ಮಂಡಿನೋವು. ಕಾರಿನ ಸೀಟು ನೆಲಕ್ಕೆ ಅಂಟಿದ ಹಾಗಿದೆ. ಗದ್ದೆಯ ಬದುವಿನಿಂದ ಕೆಳಗೆ ಇಳಿದ ಹಾಗೆ ಇಳಿದು ಕೂತಳು. ಏಳಲು ಆಗಲಿಲ್ಲ. ನಾನೂ ಮಗಳೂ ಆ ಕಡೆ ಈ ಕಡೆ ಕಂಕುಳಿಗೆ ಕೈ ಹಾಕಿ ಎತ್ತಿದೆವು. "ಬಾವಿಗೆ ಬಿದ್ದವರನ್ನ ಹೀಗೇ ತೆಗೆಯೋದು" ಅಂದಳು ಅಮ್ಮ. ಹೊರಗೆ ಬಂದ ಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು: "ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಇದ್ರಲ್ಲೇ ಕರ್ಕೊಂಡು ಹೋಗ್ತೀಯಾ?" ಹೆದರಿ ಕೇಳಿದಳೋ ಆಸೆಯಿಂದ ಕೇಳಿದಳೋ ತಿಳಿಯಲಿಲ್ಲ. ನಾನು ಆಸೆ ಅಂತಲೇ ಹಿಡಿದೆ. ಅಕ್ಟೋಬರ್‌ಗೆ ಇನ್ನೂ ಆರು ತಿಂಗಳಿತ್ತು. ಬೇಸಿಗೆ ರಜೆ ಬೇರೆ. ಕಾರನ್ನು ನಾನೇ ಮೆತ್ತಗೆ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಗ್ಯಾರೇಜಿಗೆ ಯಾಕೆ ದುಡ್ಡು ಸುರಿಯಬೇಕು, ಅಲ್ವಾ?

ಶುರು ಮಾಡಿದ್ದು ಸ್ಪ್ರಿಂಗಿನಿಂದ. ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ವಾಲಬಾರದು ಅಂತ ಸ್ಪ್ರಿಂಗು ಗಟ್ಟಿ ಇಟ್ಟಿರುತ್ತಾರೆ, ಮೈ ತಗ್ಗಿಸಿರುತ್ತಾರೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಸಿಗುತ್ತದೆ. ಕಾರು ಎರಡು ಸೆಂಟಿಮೀಟರ್ ಮೇಲೇಳುತ್ತದೆ, ಹೊಟ್ಟೆ ಉಜ್ಜುವುದಿಲ್ಲ. ರಬ್ಬರ್ ಅಂದ ಮೇಲೆ ಮೆತ್ತಗೂ ಇರುತ್ತದೆ ಎಂದು ನಂಬಿದೆ. ಎರಡು ದಿನ ಜಾಕ್ ಕೆಳಗೆ ಒದ್ದಾಡಿ ನಾಲ್ಕೂ ಹಾಕಿದೆ. ಕಾರು ಎದ್ದಿತು. ಓಡಿಸಿದರೆ ಮೊದಲಿಗಿಂತ ಜಾಸ್ತಿ ಕುಲುಕುತ್ತದೆ! ರಾತ್ರಿ ಮಲಗಿದ ಮೇಲೆ ಹೊಳೆಯಿತು. ನಡುವೆ ರಬ್ಬರ್ ಸಿಕ್ಕಿಸಿದರೆ ಆ ಒಂದೆರಡು ಸುತ್ತು ಕುಗ್ಗುವುದೇ ಇಲ್ಲ. ಕುಗ್ಗುವ ಸುತ್ತು ಕಡಿಮೆಯಾದರೆ ಸ್ಪ್ರಿಂಗು ಇನ್ನಷ್ಟು ಗಟ್ಟಿ. ಸ್ಪ್ರಿಂಗು ಒತ್ತಿದ ಬಲಕ್ಕೆ ತಕ್ಕಷ್ಟು ಕುಗ್ಗುತ್ತದೆ ಅನ್ನುವ ಹೂಕ್‌ನ ನಿಯಮವನ್ನು ಮಕ್ಕಳಿಗೆ ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಈ ವಿಷಯವನ್ನು ಸ್ಟಾಫ್ ರೂಮಿನಲ್ಲಿ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ.

ಕುಲುಕಾಟ ತಗ್ಗಿಸಲು ದಪ್ಪ ಟೈರು ಹಾಕಿಸಿದೆ. ಇದ್ದದ್ದು 185/60, ಹದಿನಾಲ್ಕು ಇಂಚಿನದ್ದು. ನಾನು 185/70 ಕೇಳಿದೆ. ಆ ಅರವತ್ತು, ಎಪ್ಪತ್ತು ಅನ್ನುವುದು ಟೈರಿನ ಅಗಲಕ್ಕೆ ಅದರ ಗೋಡೆ ಶೇಕಡಾ ಎಷ್ಟು ಎತ್ತರ ಅನ್ನುವ ಲೆಕ್ಕ. ಗೋಡೆ ಎತ್ತರವಾದಷ್ಟೂ ಒಳಗೆ ಗಾಳಿಯ ಹಾಸಿಗೆ ದಪ್ಪ. ಟೈರ್ ಅಂಗಡಿಯ ಹುಡುಗ ಒಂದೇ ಮಾತು ಹೇಳಿದ: "ತಾಗುತ್ತೆ ಸಾರ್." ನಾನು ಕೇಳಲಿಲ್ಲ. ನೇರ ರಸ್ತೆಯಲ್ಲಿ ನಿಜವಾಗಿಯೂ ಸುಖವಾಗಿತ್ತು. ಆದರೆ ಕೊಡಗಿನಲ್ಲಿ ನೇರ ರಸ್ತೆ ಎಲ್ಲಿದೆ? ಸಂಪಾಜೆ ಘಾಟಿ ಇಳಿಯುವಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ ಕಡೆಯೆಲ್ಲ ಟೈರು ಚಕ್ರದ ಮೇಲಿನ ವೀಲ್ ಆರ್ಚಿಗೆ ತಾಗಿ ಕರ್ರ್ ಅಂದಿತು. ಹಲಸಿನ ಮರಕ್ಕೆ ಗರಗಸ ಹಾಕಿದ ಹಾಗೆ. ದಾರಿ ಬದಿಯ ಮಂಗಗಳು ನಮ್ಮನ್ನೇ ನೋಡಿದವು. ಇನ್ನೊಂದು ಪ್ರಸಾದವೂ ಸಿಕ್ಕಿತು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಾಗುವುದಿಲ್ಲ. ಅದು ಅರವತ್ತು ತೋರಿಸುವಾಗ ನಾನು ಅರವತ್ತನಾಲ್ಕರಲ್ಲಿ ಇರುತ್ತಿದ್ದೆ. ಜೀವನದಲ್ಲಿ ಮೊದಲ ಬಾರಿ, ನಾನು ಅಂದುಕೊಂಡದ್ದಕ್ಕಿಂತ ವೇಗವಾಗಿ ಏನೋ ಆಗುತ್ತಿತ್ತು.

ಸೀಟಿನ ಕೆಳಗೆ ಸಿಲ್ವರ್ ಓಕ್ ಹಲಗೆ ಇಟ್ಟು ಎತ್ತರಿಸಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾಚಿಕೆಯಾಗುತ್ತದೆ. ಮೆಕ್ಯಾನಿಕ್ ಅದನ್ನು ನೋಡಿ ಸುಮ್ನೆ ನಿಂತುಬಿಟ್ಟ. ಆಮೇಲೆ, "ಸಾರ್, ಗಾಡಿ ಎಲ್ಲಾದ್ರೂ ಗುದ್ದಿದ್ರೆ ಸೀಟು, ನೀವು, ಹಲಗೆ ಮೂರೂ ಬೇರೆ ಬೇರೆ ಊರಿಗೆ ಹೋಗ್ತಿದ್ರಿ" ಅಂದ. ಹಲಗೆ ತೆಗೆದು, ಕಬ್ಬಿಣದ ಬುಶ್ ಹಾಕಿ, ಉದ್ದದ ಬೋಲ್ಟ್ ಬಿಗಿದುಕೊಟ್ಟ. ಸೀಟು ಎತ್ತರವಾಯಿತು. ನನ್ನ ತಲೆ ಬಟ್ಟೆಯ ಟಾಪಿಗೆ ತಾಗಿತು. ಗುಂಡಿಗೊಂದು ಸಲ ಟಾಪು ನನ್ನ ತಲೆ ಒರೆಸುತ್ತದೆ. ಮೊದಲೇ ಕೂದಲು ಕಡಿಮೆ.

ಇನ್ನು ಕಾಫಿ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಅಂಥ ಊರಿನವನ ಕಾರಿನಲ್ಲಿ ಒಂದು ಲೋಟ ಇಡಲು ಜಾಗವಿಲ್ಲ ಅಂದರೆ ಅವಮಾನವಲ್ಲವೇ? ಸ್ಪ್ರಿಂಕ್ಲರ್ ಪೈಪಿನ ತುಂಡು ಕತ್ತರಿಸಿ, ಗೇರಿನ ಹಿಂದೆ ಎಂ-ಸೀಲ್ ಹಾಕಿ ನಿಲ್ಲಿಸಿದೆ. ಫ್ಲಾಸ್ಕ್ ಅಳತೆ ಮಾಡಿಸಿದ ಹಾಗೆ ಕೂತಿತು. ಮಡಚಿದ ಟಾಪು, ಬೆಳಗಿನ ಮಂಜು, ಪಕ್ಕದಲ್ಲಿ ಬಿಸಿ ಕಾಫಿ. ಒಂದನೇ ಗೇರಿನಲ್ಲಿ ಹೊರಟೆ. ಎರಡನೆಯದಕ್ಕೆ ಹಿಂದೆ ಎಳೆದರೆ ಟಕ್. ಫ್ಲಾಸ್ಕ್ ಅಡ್ಡ. ಇನ್ನೊಮ್ಮೆ ಎಳೆದೆ. ಟಕ್. ಎರಡು, ನಾಲ್ಕು ಎರಡೂ ಹಿಂದಕ್ಕೆ ಎಳೆಯುವ ಗೇರುಗಳು. ಕಾಫಿ ಇರುವಷ್ಟು ಹೊತ್ತು ನನ್ನ ಕಾರಿನಲ್ಲಿ ಬೆಸ ಸಂಖ್ಯೆಗಳು ಮಾತ್ರ: ಒಂದು, ಮೂರು, ಐದು.

ಮಡಿಕೇರಿಯ ಏರು ಹತ್ತುವವನಿಗೆ ಬೇಕಾದದ್ದು ಎರಡನೇ ಗೇರೇ. ಒಂದರಲ್ಲಿ ಎಂಜಿನ್ ಕಿರುಚುತ್ತದೆ. ಮೂರಕ್ಕೆ ಹಾಕಿದರೆ ಕೆಮ್ಮಿ ನಿಲ್ಲಲು ಬರುತ್ತದೆ. ಹಿಂದೆ ಸಾರಿಗೆ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಕೊನೆಗೆ ಹೆಂಡತಿ ಫ್ಲಾಸ್ಕ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. "ಇಷ್ಟಕ್ಕೆ ನನ್ನ ಕೈ ಸಾಕಿತ್ತಲ್ಲ. ಪೈಪ್ ಯಾಕೆ ಕತ್ತರಿಸಿದ್ರಿ?" ಎಂದಳು. ಪಕ್ಕದಿಂದ ದಾಟಿದ ಬಸ್ಸಿನ ಕಿಟಕಿಯಲ್ಲಿ ನನ್ನದೇ ಶಾಲೆಯ ಹುಡುಗರು. ನಮಸ್ತೆ ಸಾರ್ ಅಂದರು. ಒಂದನೇ ಗೇರಿನಲ್ಲೇ ನಮಸ್ತೆ ಅಂದೆ.

ಇಷ್ಟೆಲ್ಲ ಆದ ಮೇಲೂ ಬುದ್ಧಿ ಬಂದಿರಲಿಲ್ಲ. ಮುಂದಿನದು ಸದ್ದು. ಒಳಗೆ ಕೂತರೆ ಡಬ್ಬದಲ್ಲಿ ಗೇರುಬೀಜ ಅಲ್ಲಾಡಿಸಿದ ಹಾಗೆ. ವಿಡಿಯೋದಲ್ಲಿ ಒಬ್ಬರು ತೋರಿಸಿದ್ದರು: ಬಾಗಿಲಿನ ಪ್ಯಾಡ್ ಬಿಚ್ಚಿ, ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಬೇಕು. ತಗಡಿನ ನಡುಕವನ್ನು ಶೀಟು ಹೀರಿಕೊಳ್ಳುತ್ತದೆ, ಸದ್ದು ಸಾಯುತ್ತದೆ. ಬ್ಯೂಟೈಲ್ ರಬ್ಬರಿನದು ಒಳ್ಳೆಯದು. ನಾನು ತಂದದ್ದು ಅಗ್ಗದ್ದು, ಡಾಂಬರಿನದು. ಬಿಸಿ ಮಾಡಲು ಮಗಳ ಹೇರ್ ಡ್ರೈಯರ್, ಒತ್ತಲು ಅಡುಗೆಮನೆಯ ಲಟ್ಟಣಿಗೆ. ಅದನ್ನು ಚೆನ್ನಾಗಿ ತೊಳೆದೇ ವಾಪಸ್ ಇಟ್ಟಿದ್ದೆ. ರಾತ್ರಿ ಅಕ್ಕಿರೊಟ್ಟಿ ಮುರಿದ ಅಮ್ಮ ಎರಡು ಸಲ ಮೂಸಿ ನೋಡಿದಳು. "ರೊಟ್ಟಿ ಯಾಕೋ ಹೊಸ ರಸ್ತೆ ವಾಸನೆ ಬರ್ತಿದೆ" ಅಂದಳು. ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಅದು ತಿರುಗಿದ್ದಕ್ಕಿಂತ ಕೆಟ್ಟದ್ದು.

ಆದರೂ ಕೆಲಸ ಚೆನ್ನಾಗಿ ಆಗಿತ್ತು. ಬಾಗಿಲು ಹಾಕಿದರೆ ಮೊದಲು ಟಣ್ ಅನ್ನುತ್ತಿದ್ದದ್ದು ಈಗ ಡಬ್ ಅನ್ನುತ್ತಿತ್ತು. ಮನೆಗೆ ಬಂದವರಿಗೆಲ್ಲ ತೆಗೆದು ಹಾಕಿ ಕೇಳಿಸಿದೆ. ಗೊಬ್ಬರದ ಲೆಕ್ಕ ಹೇಳಲು ಬಂದ ತೋಟದ ಗುಮಾಸ್ತ, ನಮ್ಮ ರೈಟರು, ಮೂರು ಸಲ ಕೇಳಬೇಕಾಯಿತು.

ಜೂನ್ ಬಂತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಬೆಂಗಳೂರಿನದು ಸಾವಿರದ ಆಸುಪಾಸು. ವಿಡಿಯೋದವರು ಮಳೆ ನೋಡಿದ್ದರೋ ಇಲ್ಲವೋ. ಮೊದಲ ವಾರದ ಮಳೆಯಲ್ಲಿ ಕಾರು ತೆಗೆದೆ. ಎಡಕ್ಕೆ ತಿರುಗಿಸಿದಾಗ ಗಳಗಳ. ಬಲಕ್ಕೆ ತಿರುಗಿಸಿದಾಗ ಮತ್ತೆ ಗಳಗಳ. ಬ್ರೇಕ್ ಒತ್ತಿದರೆ ಗುಳುಕ್. ನೀರಿನ ಬಾಟಲಿ ಎಲ್ಲೋ ಉರುಳುತ್ತಿದೆ ಅಂದುಕೊಂಡು ಸೀಟಿನ ಕೆಳಗೆಲ್ಲ ತಡಕಿದೆ. ಹೆಂಡತಿ ಬಾಗಿಲಿಗೆ ಕಿವಿ ಇಟ್ಟಳು. "ಒಳಗೆ ಯಾರೋ ಬಾಯಿ ಮುಕ್ಕಳಿಸ್ತಿದ್ದಾರೆ" ಅಂದಳು.

ಮೆಕ್ಯಾನಿಕ್ ಬಾಗಿಲಿನ ಅಡಿ ಅಂಚಿಗೆ ಸ್ಕ್ರೂಡ್ರೈವರ್ ಚುಚ್ಚಿದ. ನೀರು ಧೋ ಎಂದು ಅವನ ಕಾಲ ಮೇಲೇ ಬಿತ್ತು. ಒಂದು ಕೊಡ ಆಗುವಷ್ಟು. ಕಿಟಕಿ ಗಾಜಿನ ಹೊರಗೆ ಇಳಿಯುವ ಮಳೆನೀರಿನಲ್ಲಿ ಒಂದಿಷ್ಟು ರಬ್ಬರ್ ಪಟ್ಟಿ ದಾಟಿ ಬಾಗಿಲಿನ ಒಳಗೇ ಹೋಗುತ್ತದಂತೆ. ಎಲ್ಲ ಕಾರಿನಲ್ಲೂ ಹಾಗೇ. ಅದು ಹೊರಹೋಗಲಿ ಅಂತಲೇ ಅಡಿಯಲ್ಲಿ ತೂತು ಬಿಟ್ಟಿರುತ್ತಾರೆ. ನಾನು ಆ ತೂತುಗಳಿಂದಲೇ ಸದ್ದು ಬರುತ್ತದೆ ಎಂದು ಒಂದೊಂದನ್ನೂ ಹುಡುಕಿ, ಬಿಸಿ ಮಾಡಿ, ಲಟ್ಟಣಿಗೆಯಿಂದ ಒತ್ತಿ ಮುಚ್ಚಿದ್ದೆ. "ಇನ್ನೊಂದು ತಿಂಗಳು ಬಿಟ್ಟಿದ್ರೆ ಮೀನು ಸಾಕಬಹುದಿತ್ತು ಸಾರ್" ಅಂದ ಮೆಕ್ಯಾನಿಕ್. ಕೂಲಿ ತೆಗೆದುಕೊಳ್ಳಲಿಲ್ಲ. ನಗು ಸಿಕ್ಕಿತಲ್ಲ, ಸಾಕು ಅಂದನಂತೆ, ಆಮೇಲೆ ಬೇರೆಯವರ ಹತ್ತಿರ.

ಇದೇ ಹೊತ್ತಿಗೆ ಶಾಲೆಯ ಸಮಾಜ ವಿಜ್ಞಾನದ ಮೇಡಂ ಹೆದರಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಾರ್ಖಾನೆಯವರು ಕೊಟ್ಟ ಗಾಡಿಯನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲವಂತೆ. "ಬದಲಾಯಿಸಿಲ್ಲ ಮೇಡಂ, ಕೆಡಿಸಿದ್ದೀನಿ ಅಷ್ಟೇ" ಅಂದೆ. ಮನೆಗೆ ಬಂದು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದೆ. ಟಾಪು ಒದ್ದೆಯಾಗಿದ್ದರಿಂದ ಒಣಗಲಿ ಎಂದು ಮಡಚದೆ ಹಾಗೇ ಬಿಟ್ಟೆ.

ಜುಲೈ ಮಧ್ಯದಲ್ಲಿ ಒಂದು ಸಂಜೆ ಅಮ್ಮ ಕಾಣಲಿಲ್ಲ. ಜಡಿಮಳೆ. ಕರೆಂಟ್ ಇಲ್ಲ. ಹುಡುಕುತ್ತಾ ಹೋದರೆ ಶೆಡ್ಡಿನಲ್ಲಿ, ಕಾರಿನ ಎಡ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಾಳೆ. ಮಡಿಲಲ್ಲಿ ಬಿಡಿಸುವ ಅವರೆಕಾಯಿ. "ಹೇಗಮ್ಮಾ ಹತ್ತಿದೆ?" ಅಂದೆ. "ಹತ್ತೋದೇನು, ಕುರ್ಚಿ ಮೇಲೆ ಕೂತ ಹಾಗೆ ಕೂತೆ" ಅಂದಳು. ಬಫರು, ಟೈರು, ಬುಶ್ ಮೂರೂ ಸೇರಿ ಸೀಟು ಸರಿಯಾಗಿ ಅವಳ ಮಂಡಿಯ ಎತ್ತರಕ್ಕೆ ಬಂದಿತ್ತು. ಬಾಗಿಲು ಹಾಕಿಕೊಂಡರೆ ಮಳೆ ಸದ್ದೂ ಕಡಿಮೆಯಂತೆ. ಮನೆಯಲ್ಲಿ ಇಷ್ಟು ಒಳ್ಳೆ ಜಾಗ ಇನ್ನೊಂದಿಲ್ಲವಂತೆ. ಅವತ್ತಿನಿಂದ ಅದು ಅವಳ ಕೋಣೆ.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸದ ದಿನ. ನೇರಳೆ ಬಣ್ಣದ ಬಿಸಿ ಪಾಯಸವನ್ನು ಹೆಂಡತಿ ಲೋಟಕ್ಕೆ ಹಾಕಿ ಶೆಡ್ಡಿಗೇ ತಂದುಕೊಟ್ಟಳು. ಅಮ್ಮ ಅದನ್ನು ಸ್ಪ್ರಿಂಕ್ಲರ್ ಪೈಪಿನ ತುಂಡಿನಲ್ಲಿ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ. ನಿಂತ ಕಾರಿಗೆ ಎರಡನೇ ಗೇರು ಯಾಕೆ?

"ತಲಕಾವೇರಿಗೆ ಪಕ್ಕದ ಮನೆ ಜೀಪಲ್ಲಿ ಹೋಗೋಣ. ನಾನು ಆಗ್ಲೇ ಹೇಳಿಟ್ಟಿದ್ದೀನಿ" ಅಂದಳು ಅಮ್ಮ. ಒಂದು ಚಮಚ ಬಾಯಿಗಿಟ್ಟು, ಡ್ಯಾಶ್‌ಬೋರ್ಡಿನ ಕಡೆ ಕೈ ತೋರಿಸಿದಳು. "ಊರುಗೋಲು ಜಾರಿ ಜಾರಿ ಬೀಳ್ತದೆ. ಇಲ್ಲೊಂದು ಕೊಕ್ಕೆ ಹಾಕಿಕೊಡೋ."

ಡ್ರಿಲ್ ಮೆಷಿನ್ ತರಲು ಒಳಗೆ ಓಡಿದೆ. ಹೆಂಡತಿ ಅದನ್ನು ಆಗಲೇ ಬಚ್ಚಿಟ್ಟಿದ್ದಳು.