0.0.0.0 ಬರೆಯುವ ಮುಂಚೆ ಎರರ್ ಮೆಸೇಜ್ ಓದಿ

"ಲ್ಯಾಪ್‌ಟಾಪಿನಿಂದ ಸರ್ವರ್‌ನ ಮೈಎಸ್‌ಕ್ಯುಎಲ್ ಡೇಟಾಬೇಸ್‌ಗೆ ಕನೆಕ್ಟ್ ಆಗ್ತಿಲ್ಲ" ಅಂತ ಬೆಂಗಳೂರಿನ ಯಾವುದೇ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿ ನೋಡಿ. "ಬೈಂಡ್-ಅಡ್ರೆಸ್ 0.0.0.0 ಮಾಡಿ ರೀಸ್ಟಾರ್ಟ್ ಕೊಡಿ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಅಂದರೆ, ಸರ್ವರ್‌ನ ಎಲ್ಲ ವಿಳಾಸಗಳಲ್ಲೂ ಡೇಟಾಬೇಸ್ ತೆರೆದಿಡಿ ಅಂತ. ಹಾಗೆ ಮಾಡಿದರೆ ಎಷ್ಟೋ ಸಲ ಕನೆಕ್ಟ್ ಆಗೋದೂ ನಿಜ. ಆದರೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಸಲಹೆ ಕೊಡೋದನ್ನು ನಾವು ನಿಲ್ಲಿಸಲೇಬೇಕು.

ಕಾನ್ಫಿಗ್ ಫೈಲಿನ ಬೈಂಡ್-ಅಡ್ರೆಸ್ ಸಾಲಿನಲ್ಲಿ ಬರೆಯಬೇಕಾದ್ದು ಸರ್ವರ್‌ನ ಸ್ವಂತ ವಿಳಾಸ, ಬರುವವರ ವಿಳಾಸ ಅಲ್ಲ. ಅಪಾರ್ಟ್‌ಮೆಂಟಿನ ಯಾವ ಗೇಟ್ ತೆರೆದಿರಬೇಕು ಅನ್ನೋದು ಬೈಂಡ್-ಅಡ್ರೆಸ್. ಯಾರನ್ನು ಒಳಗೆ ಬಿಡಬೇಕು ಅನ್ನೋದು ಸೆಕ್ಯುರಿಟಿಯವರ ಪಟ್ಟಿ, ಅದು ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲಿ ತಮ್ಮ ಮನೆಯ ಐಪಿ ಹಾಕ್ತಾರೆ. ಆ ವಿಳಾಸ ಸರ್ವರ್‌ನ ಯಾವ ನೆಟ್‌ವರ್ಕ್ ಕಾರ್ಡ್ ಮೇಲೂ ಇಲ್ಲವಾದ್ದರಿಂದ ಮೈಎಸ್‌ಕ್ಯುಎಲ್ ಏಳೋದೇ ಇಲ್ಲ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನ ಬಾಡಿಗೆ ಸರ್ವರ್ ಈಸಿ2ನಲ್ಲಿ ಸರ್ವರ್‌ನದೇ ಪಬ್ಲಿಕ್ ಐಪಿ ಬರೆದರೂ ಇದೇ ಗತಿ. ಆ ಐಪಿ ಹೊರಗೆ ನ್ಯಾಟ್‌ನಲ್ಲಿ (ಪಬ್ಲಿಕ್ ವಿಳಾಸವನ್ನು ಪ್ರೈವೇಟ್ ವಿಳಾಸಕ್ಕೆ ಬದಲಿಸುವ ಕಡೆ) ಇರುತ್ತೆ, ಮೆಷಿನ್‌ಗೆ ಗೊತ್ತಿರೋದು ತನ್ನ ಪ್ರೈವೇಟ್ ಐಪಿ ಮಾತ್ರ. ಎಡಬ್ಲ್ಯುಎಸ್ ತಾನೇ ಕೊಡುವ ಖಾಸಗಿ ನೆಟ್‌ವರ್ಕ್, ಅಂದರೆ ಡೀಫಾಲ್ಟ್ ವಿಪಿಸಿ, ಆದರೆ ಅದು 172.31 ಅಂತ ಶುರುವಾಗುತ್ತೆ. ಇಷ್ಟೆಲ್ಲ ಸೋತ ಮೇಲೆ 0.0.0.0 ಹಾಕಿದ ಕೂಡಲೇ ಎಲ್ಲ ಸರಿಹೋದಂತೆ ಕಾಣುತ್ತೆ, ಅಲ್ಲಿಗೆ ವಿಷಯ ಮುಗೀತು ಅಂದುಕೊಳ್ತಾರೆ.

ಡೀಫಾಲ್ಟ್ ಏನು ಅನ್ನೋದೂ ಪ್ಯಾಕೇಜ್ ಎಲ್ಲಿಂದ ಬಂತು ಅನ್ನೋದರ ಮೇಲೆ ನಿಂತಿದೆ. ಉಬುಂಟು ಲಿನಕ್ಸ್ ತನ್ನ ಕಾನ್ಫಿಗ್ ಫೈಲಿನಲ್ಲಿ 127.0.0.1, ಅಂದರೆ ಆ ಮೆಷಿನ್ ಒಳಗಿನಿಂದ ಮಾತ್ರ ಸಿಗುವ ವಿಳಾಸ, ಬರೆದೇ ಕೊಡುತ್ತೆ. ಆ ಸಾಲು ಇಲ್ಲದಿದ್ದರೆ ಮೈಎಸ್‌ಕ್ಯುಎಲ್‌ನ ಸ್ವಂತ ಡೀಫಾಲ್ಟ್ ನಕ್ಷತ್ರ ಚಿಹ್ನೆ, ಅಂದರೆ ಎಲ್ಲ ವಿಳಾಸಗಳೂ. ಸಾಲು ಅಳಿಸಿದರೆ ಬಂದ್ ಆಗುತ್ತೆ ಅಂತ ನಂಬಿದವರಿಗೆ ಇದು ಉಲ್ಟಾ ಹೊಡೆಯುತ್ತೆ. ಮೈಎಸ್‌ಕ್ಯುಎಲ್ 8.0ಯಿಂದ, ಕನೆಕ್ಟ್ ಆಗಲು ಇನ್ನೊಂದು ದಾರಿ ಕೊಡುವ ಎಕ್ಸ್ ಪ್ಲಗಿನ್ ಕೂಡ ತಾನಾಗಿ ಆನ್ ಆಗಿ 33060 ಪೋರ್ಟ್ ತೆರೆಯುತ್ತೆ. ಅದಕ್ಕೆ ಬೇರೆಯದೇ ಬೈಂಡ್ ಸಾಲು ಇದೆ. ಮೈಎಸ್‌ಕ್ಯುಎಲ್‌ನ ಮಾಮೂಲಿ ಪೋರ್ಟ್ 3306 ಮುಚ್ಚಿ ಇದನ್ನು ಮರೆಯೋರೇ ಹೆಚ್ಚು.

ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಕೆಲಸ ಮಾಡುವ ಲಿಸನ್ ಅಡ್ರೆಸಸ್ ಸಾಲಿನ ಡೀಫಾಲ್ಟ್ ಲೋಕಲ್‌ಹೋಸ್ಟ್, ಅಂದರೆ ಅದೇ ಮೆಷಿನ್ ಮಾತ್ರ. ಇದು ಒಳ್ಳೆಯ ಆಯ್ಕೆ. ಫೈಲಿನಲ್ಲಿ ಆ ಸಾಲಿನ ಮುಂದೆ ಹ್ಯಾಶ್ (#) ಇರುತ್ತೆ, ಅದನ್ನು ತೆಗೆಯದೆ ವಿಳಾಸ ಬದಲಿಸಿದರೆ ಏನೂ ಆಗಲ್ಲ. ಹ್ಯಾಶ್ ತೆಗೆದು ಬರೀ ರೀಲೋಡ್ ಕೊಟ್ಟರೂ ಆಗಲ್ಲ, ರೀಸ್ಟಾರ್ಟೇ ಬೇಕು. ಯಾರು ಬರಬಹುದು ಅನ್ನೋ ಎಚ್‌ಬಿಎ ಫೈಲಿಗೆ ಮಾತ್ರ ರೀಲೋಡ್ ಸಾಕು.

ಯಾವುದನ್ನೂ ಮುಟ್ಟುವ ಮುಂಚೆ ಎರರ್ ಏನಿದೆ ಓದಿ. "ಕನೆಕ್ಷನ್ ರೆಫ್ಯೂಸ್ಡ್", ಲಿನಕ್ಸ್‌ನಲ್ಲಿ 111, ಬಂದರೆ ಸಾಮಾನ್ಯವಾಗಿ ಆ ವಿಳಾಸ, ಆ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಮೂ ಕನೆಕ್ಷನ್‌ಗೆ ಕಾಯ್ತಿಲ್ಲ ಅಂತ. ಬೈಂಡ್ ಸಾಲು ನೋಡಬೇಕಾದ್ದು ಆಗ. ತುಂಬಾ ಹೊತ್ತು ಕಾದು ಟೈಮ್‌ಔಟ್ ಆದರೆ ಹೆಚ್ಚಾಗಿ ಫೈರ್‌ವಾಲ್ ಅಥವಾ ಎಡಬ್ಲ್ಯುಎಸ್‌ನ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪ್ ತಡೆದಿದೆ, ಬೈಂಡ್ ಬದಲಿಸಿ ಪ್ರಯೋಜನ ಇಲ್ಲ. ಮೈಎಸ್‌ಕ್ಯುಎಲ್‌ನ 1130 ಅಥವಾ ಪೋಸ್ಟ್‌ಗ್ರೆಸ್‌ನ "ಎಚ್‌ಬಿಎ ಎಂಟ್ರಿ ಇಲ್ಲ" ಬಂದರೆ ನೀವು ಆಗಲೇ ಸರ್ವರ್ ಮುಟ್ಟಿದ್ದೀರಿ, ಒಳಗೆ ಬಿಡುವ ಅನುಮತಿ ಮಾತ್ರ ಇಲ್ಲ. ಮೂರೂ ಬೇರೆ ಬೇರೆ ಕಾಯಿಲೆ. ಎಲ್ಲದಕ್ಕೂ 0.0.0.0 ಅನ್ನೋ ಒಂದೇ ಮಾತ್ರೆ ನುಂಗಿಸ್ತಿದ್ದೀವಿ.

ಲ್ಯಾಪ್‌ಟಾಪಿನಿಂದ ಡೇಟಾ ನೋಡೋದಷ್ಟೇ ಕೆಲಸವಾದರೆ 127.0.0.1 ಹಾಗೇ ಇರಲಿ, ಎಸ್‌ಎಸ್‌ಎಚ್ ಟನಲ್ (ಸರ್ವರ್‌ಗೆ ಲಾಗಿನ್ ಆಗುವ ಸುರಕ್ಷಿತ ದಾರಿಯಲ್ಲೇ ಡೇಟಾಬೇಸ್ ತಲುಪುವ ಸುರಂಗ) ಹಾಕಿ. ಎಸ್‌ಎಸ್‌ಎಚ್‌ನ ದೊಡ್ಡಕ್ಷರದ ಎಲ್ ಆಯ್ಕೆಗೆ 3307:127.0.0.1:3306 ಕೊಟ್ಟು ಲಾಗಿನ್ ಆದರೆ, ನಿಮ್ಮ ಲ್ಯಾಪ್‌ಟಾಪಿನ 3307ರಲ್ಲಿ ಸರ್ವರ್‌ನ ಡೇಟಾಬೇಸ್ ಸಿಗುತ್ತೆ. ಕ್ಲೈಂಟಿನಲ್ಲಿ ಹೋಸ್ಟ್ ಅನ್ನೋ ಕಡೆ 127.0.0.1 ಅಂತಲೇ ಬರೆಯಿರಿ. ಲೋಕಲ್‌ಹೋಸ್ಟ್ ಅಂದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ಮೈಎಸ್‌ಕ್ಯುಎಲ್ ಕ್ಲೈಂಟ್ ಅದೇ ಮೆಷಿನ್ ಒಳಗಿನ ದಾರಿಯಾದ ಯೂನಿಕ್ಸ್ ಸಾಕೆಟ್ ಹುಡುಕಿಕೊಂಡು ಹೋಗುತ್ತೆ, ಪೋರ್ಟ್ ನಂಬರ್ ಲೆಕ್ಕಕ್ಕೇ ಇಲ್ಲ. ಡೇಟಾಬೇಸ್ ನೋಡುವ ಪ್ರೋಗ್ರಾಮ್‌ಗಳಾದ ವರ್ಕ್‌ಬೆಂಚ್, ಡಿಬೀವರ್‌ಗಳಲ್ಲಿ ಟನಲ್ ಸೆಟ್ಟಿಂಗ್ ಒಳಗೇ ಇದೆ. ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಇದರಿಂದ ಇನ್ನೊಂದು ಉಪಕಾರ: ಕರೆಂಟ್ ಹೋಗಿ ಬಂದು ರೂಟರ್‌ಗೆ ಹೊಸ ಐಪಿ ಸಿಕ್ಕಿದಾಗಲೆಲ್ಲ ಡೇಟಾಬೇಸ್ ಪೋರ್ಟಿನ ರೂಲ್ ತಿದ್ದಬೇಕಿಲ್ಲ. ಆ ತಿದ್ದುವ ಬೇಜಾರಿಗೇ ಎಷ್ಟೋ ಜನ 3306ನ್ನು ಇಡೀ ಜಗತ್ತಿಗೆ ತೆರೆದಿಡೋದು.

ಆ್ಯಪ್ ಬೇರೆ ಮೆಷಿನ್‌ನಲ್ಲಿದ್ದರೆ 127.0.0.1 ಜೊತೆ ಪ್ರೈವೇಟ್ ಐಪಿಯನ್ನೂ ಕಾಮಾ ಹಾಕಿ ಬರೆಯಿರಿ. ಮೈಎಸ್‌ಕ್ಯುಎಲ್‌ನಲ್ಲಿ ಇದು 8.0.13ರಿಂದ ಸಾಧ್ಯ. ಆ ಐಪಿ ವಿಪಿಎನ್‌ದಾಗಿದ್ದರೆ ಒಂದು ಎಚ್ಚರ: ರೀಬೂಟ್ ಆದಾಗ ವಿಪಿಎನ್ ಏಳುವ ಮುಂಚೆ ಮೈಎಸ್‌ಕ್ಯುಎಲ್ ಎದ್ದರೆ ವಿಳಾಸ ಸಿಗದೆ ನಿಂತುಬಿಡುತ್ತೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಏಳಿಸುವ ಸಿಸ್ಟಮ್‌ಡಿಯಲ್ಲಿ ವಿಪಿಎನ್ ಆದ ನಂತರವೇ ಡೇಟಾಬೇಸ್ ಏಳುವಂತೆ ಕ್ರಮ ಹಾಕಿಡಿ.

ತೆರೆದಿಟ್ಟರೆ ಏನಾಗುತ್ತೆ ಅನ್ನೋರು 2017ರ ಜನವರಿಯ ಸುದ್ದಿಗಳನ್ನು ಹುಡುಕಿ ಓದಿ. ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳ ಡೇಟಾ ಅಳಿಸಿ ಹ್ಯಾಕರ್‌ಗಳು ಬಿಟ್‌ಕಾಯಿನ್ ಕೇಳಿದರು. ಅದೇ ವರ್ಷದ ಮಾಂಗೋಡಿಬಿ 3.6 ಆವೃತ್ತಿಯಲ್ಲಿ ಡೀಫಾಲ್ಟ್ ಲೋಕಲ್‌ಹೋಸ್ಟ್ ಆಯಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದೆ ಡೇಟಾ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ.

ಕೊನೆಗೆ ಡಾಕರ್, ಅಂದರೆ ಪ್ರೋಗ್ರಾಮ್‌ಗಳನ್ನು ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ. ಇಲ್ಲಿ ಕಾನ್ಫಿಗ್ ಫೈಲ್ ತಿದ್ದೋದು ವ್ಯರ್ಥ. ಕಂಟೇನರ್ ಒಳಗೆ 127.0.0.1 ಹಾಕಿದರೆ ಹೋಸ್ಟ್ ಮೆಷಿನ್‌ಗೇ ಡೇಟಾಬೇಸ್ ಸಿಗಲ್ಲ. ಪೋರ್ಟ್ ಆಯ್ಕೆಗೆ 3306:3306 ಕೊಟ್ಟರೆ ಹೋಸ್ಟ್‌ನ ಎಲ್ಲ ವಿಳಾಸಗಳಲ್ಲೂ ತೆರೆಯುತ್ತೆ. ಡಾಕರ್ ತನ್ನ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ರೂಲ್‌ಗಳನ್ನು ತಾನೇ ಬರೆದುಕೊಳ್ಳೋದರಿಂದ, ಉಬುಂಟುವಿನ ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯುನಲ್ಲಿ ನೀವು ಆ ಪೋರ್ಟ್ ಮುಚ್ಚಿದ್ದರೂ ಹೊರಗಿನವರಿಗೆ ದಾರಿ ಸಿಗುತ್ತೆ. 127.0.0.1:3306:3306 ಅಂತ ಮೂರು ಭಾಗ ಬರೆಯಿರಿ. ಆಮೇಲೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಹಾಕಿ, ಸರ್ವರ್‌ನ ಪಬ್ಲಿಕ್ ಐಪಿಯ 3306 ಮತ್ತು 33060 ಎರಡನ್ನೂ ಪೋರ್ಟ್ ತೆರೆದಿದೆಯಾ ಅಂತ ತೋರಿಸುವ ಎನ್‌ಮ್ಯಾಪ್‌ನಲ್ಲಿ ನೋಡಿ. ಎರಡರಲ್ಲಿ ಯಾವುದರ ಮುಂದೆಯೂ "ಓಪನ್" ಅಂತ ಬರಬಾರದು.